ನಿಮ್ಮ ಮೆಚ್ಚಿನ ರೆಕಾರ್ಡ್ ಹಂಚಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಸೋಮವಾರದಿಂದ ದಿನಕ್ಕೊಬ್ಬರು ತಮ್ಮ ಸಂಗ್ರಹದ ಮೆಚ್ಚಿನ ಗ್ರಾಮಫೋನ್ ರೆಕಾರ್ಡ್ ಒಂದನ್ನು ಇಲ್ಲಿ ಹಾಕೋಣ. ಕವರ್‌ನ ಎರಡೂ ಬದಿ ಮತ್ತು ಮಧ್ಯದ ಲೇಬಲ್‌ನ ಫೋಟೋ ಇರಲಿ. ಯಾಕೆ ಇಷ್ಟ ಅಂತ ನಾಲ್ಕು ಸಾಲು ಬರೆಯಿರಿ, ಅದೇ ಮುಖ್ಯ.

ಮೊದಲನೆಯದು ನನ್ನದೇ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ರೆಕಾರ್ಡ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹಾಸನ ಜಿಲ್ಲೆಯಲ್ಲೇ. ಮೀಟು ಎಷ್ಟು ಮೃದು ಅಂದರೆ, ತಂತಿಯ ನಾದ ಪೂರ್ತಿ ಇಳಿಯುವ ತನಕ ಮುಂದಿನ ಸ್ವರಕ್ಕೆ ಅವಸರವೇ ಇಲ್ಲ. ಎಲ್‌ಪಿಯ ಒಂದು ಬದಿ ಸುಮಾರು 20 ನಿಮಿಷ ಓಡುತ್ತದೆ. ಹಾಗಾಗಿ ರಾಗಕ್ಕೆ ಜಾಗ ಸಿಗುತ್ತದೆ. ಹಳೆಯ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಯಲ್ಲಿ ಸಿಗುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಅಷ್ಟರಲ್ಲೇ ಕಾಳಿಂಗರಾಯರು ಒಂದು ಭಾವಗೀತೆ ಹಾಡಿ ಮನಸ್ಸು ತುಂಬಿಸುತ್ತಿದ್ದರು, ಅಲ್ವಾ? ಅವರ ತಟ್ಟೆ ಯಾರ ಹತ್ತಿರ ಇದ್ದರೂ ದಯವಿಟ್ಟು ಹಾಕಿ. ನನಗೆ ನೋಡುವ ಆಸೆ ಜಾಸ್ತಿ ಇದೆ.

78ರ ತಟ್ಟೆ ಅರಗಿನದು. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಮೇಲ್ಮೈ ಕರಗುತ್ತದೆ. ಎಲ್‌ಪಿ ಮುಳ್ಳಿನಲ್ಲಿ (ಪ್ಲೇಯರ್‌ನ ಸೂಜಿಯಲ್ಲಿ) ಅದನ್ನು ನುಡಿಸಲೂ ಬೇಡಿ, ಅದಕ್ಕೆ ದಪ್ಪ ಮುಳ್ಳೇ ಬೇಕು.

ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಿ. ಥಂಡಿಗೆ ಕವರ್ ಬೂಷ್ಟು ಹಿಡಿಯುತ್ತದೆ. ರೆಕಾರ್ಡ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿಡಿ.

ತಿಂಗಳ ಕೊನೇ ಭಾನುವಾರ ಸಂಜೆ 4ಕ್ಕೆ ಹಾಸನದ ನಮ್ಮ ಮನೆಯಲ್ಲಿ ಸೇರಿ ಕೇಳೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.