ಪಾರ್ಕಿಗೆ ಬೀಗ, ಕೂರಲು ಬೆಂಚಿಲ್ಲ

ಮಾನ್ಯ ಸಂಪಾದಕರೇ,

ನಾನು ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ವಯಸ್ಸು 48, ತೂಕ 92 ಕೆ.ಜಿ. ಗಿರಾಕಿಗಳ ಅಳತೆ ತೆಗೆಯುವ ಟೇಪನ್ನೇ ಒಂದು ದಿನ ನನ್ನ ಸೊಂಟಕ್ಕೆ ಸುತ್ತಿ ನೋಡಿದೆ. 43 ಇಂಚು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಬಾರದು. ಅದೇ ವಾರ ಬಿ.ಪಿ. ನೋಡಿಸಿದರೆ 164/102. ಮೆಷಿನ್ನಿಗೆ ಮೋಟಾರ್ ಹಾಕಿಸಿದ ಮೇಲೆ ಪೆಡಲ್ ತುಳಿಯುವುದೂ ನಿಂತುಹೋಗಿತ್ತು.

ಡಾಕ್ಟರು ಮಾತ್ರೆ ಬರೆದು, ‘ದಿನಾ ಅರ್ಧ ಗಂಟೆ ವಾಕ್ ಮಾಡಿ’ ಎಂದರು. ನನ್ನಂಥ ಭಾರದವಳು ಹೇಗೆ ಶುರು ಮಾಡಬೇಕು ಅಂತ ಹೇಳಲಿಲ್ಲ. ಮೊದಲ ದಿನ ಪಾರ್ಕಿನಲ್ಲಿ ಒಂದೇ ಸುತ್ತಿಗೆ ಮಂಡಿ ಹಿಡಿದುಕೊಂಡಿತು, ಏದುಸಿರು ಬಂತು. ಕೂರಲು ಜಾಗವಿಲ್ಲದೆ ಬೇಲಿಯ ಕಂಬಿ ಹಿಡಿದು ನಿಂತೆ. ಆಮೇಲೆ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ದಾರಿ ತೋರಿಸಿದ್ದು ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬ ಫಿಸಿಯೋಥೆರಪಿಸ್ಟ್. ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಸಾಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಿರಿ ಎಂದರು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ತಳ್ಳುವುದನ್ನೂ ಕಲಿಸಿದರು. ಉಸಿರು ಬಿಗಿಹಿಡಿದರೆ ಬಿ.ಪಿ. ದಿಢೀರನೆ ಏರುತ್ತದೆ. ಅದಕ್ಕೇ ನಾನು ಏಳುವಾಗೆಲ್ಲ ಬೆನ್ನ ಮೇಲೆ ಕೈಯಿಟ್ಟು ‘ಉಸಿರು ಬಿಡಿ ಅಕ್ಕ, ಬಿಡಿ’ ಎನ್ನುತ್ತಿದ್ದರು.

ಐದು ತಿಂಗಳಾಯಿತು. ಮಾತ್ರೆ ತಪ್ಪಿಸಿಲ್ಲ. ತೂಕ ಇಳಿದದ್ದು ಬರೀ 3 ಕೆ.ಜಿ., ಬಿ.ಪಿ. ಮಾತ್ರ 136/86ಕ್ಕೆ ಬಂದಿದೆ. ತೂಕ ಜಾಸ್ತಿ ಇಳಿಯದಿದ್ದರೂ ವ್ಯಾಯಾಮದಿಂದ ಬಿ.ಪಿ. ಇಳಿಯುತ್ತದೆ. ಇದು ಗೊತ್ತಿಲ್ಲದೆ, ತೂಕದ ಮೆಷಿನ್ ನೋಡಿ ಬೇಸರವಾಗಿ ನಡೆಯುವುದನ್ನೇ ಬಿಟ್ಟ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ.

ಈಗ ಪಾರ್ಕಿನ ವಿಷಯ. ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಎಂಟೂವರೆಗೆ ಬೀಗ ಬೀಳುತ್ತದೆ. ಆ ಹೊತ್ತಿಗೆ ನಮ್ಮಂಥವರು ಡಬ್ಬಿ ಕಟ್ಟುತ್ತಿರುತ್ತೇವೆ. ಕೈ ಬಿಡುವಾಗುವುದೇ ಹತ್ತೂವರೆಗೆ. ಮತ್ತೆ ಗೇಟು ತೆಗೆಯುವುದು ಸಂಜೆ, ಒಲೆ ಹಚ್ಚುವ ಹೊತ್ತಿಗೆ. ರಸ್ತೆಯಲ್ಲಿ ನಡೆಯೋಣವೆಂದರೆ ಫುಟ್‌ಪಾತ್ ತುಂಬ ಬೈಕುಗಳು. ಪಾರ್ಕಿನೊಳಗೆ ಬಣ್ಣಬಣ್ಣದ ಜಿಮ್ ಸಾಮಾನು ನಿಲ್ಲಿಸಿದ್ದಾರೆ, ನಡೆಯುವ ದಾರಿಯಲ್ಲಿ ಮಾತ್ರ ಒಂದು ಬೆಂಚಿಲ್ಲ. ಐವತ್ತು ಹೆಜ್ಜೆಗೊಮ್ಮೆ ಕೂತು ಎದ್ದರೆ ನನ್ನಂಥವರೂ ಒಂದು ಸುತ್ತು ಮುಗಿಸಬಹುದು, ಅಲ್ವಾ? ನಾಲ್ಕು ಸಿಮೆಂಟ್ ಬೆಂಚು ಹಾಕಿಸಿ, ಹಗಲೆಲ್ಲ ಗೇಟು ತೆರೆದಿಡಿ ಎಂದು ಪಾಲಿಕೆಯವರನ್ನು ಕೈಮುಗಿದು ಕೇಳುತ್ತೇನೆ.

– ಒಬ್ಬ ಓದುಗಿ, ತುಮಕೂರು