ಒಂದೇ ಲಸಿಕೆಗೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ನಾಯಿಮರಿಗೆ ಒಂದು ಲಸಿಕೆ ಹಾಕಿಸಿ ‘ಮುಗೀತು’ ಎಂದುಕೊಳ್ಳುವವರೇ ಜಾಸ್ತಿ. ತೊಂದರೆ ಶುರುವಾಗುವುದೇ ಅಲ್ಲಿ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಇರುವವರೆಗೂ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಶಕ್ತಿ ಒಂದೊಂದು ಮರಿಯಲ್ಲಿ ಒಂದೊಂದು ಸಮಯಕ್ಕೆ ಕಡಿಮೆಯಾಗುತ್ತದೆ. ಅದಕ್ಕೇ 6–8 ವಾರಕ್ಕೆ ಶುರುಮಾಡಿ, 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಕೊಡುವುದು. ನಡುವೆ ಬಿಟ್ಟರೆ ಪಾರ್ವೊ ವೈರಸ್ ತಗುಲಿ, ವಾಂತಿ–ಭೇದಿಯಿಂದ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು.

ಬೆಕ್ಕು ಮನೆಯೊಳಗೇ ಇರುತ್ತೆ ಅಲ್ವಾ, ಅದಕ್ಕೆ ಯಾಕೆ ಎನ್ನುವುದೂ ತಪ್ಪು. ಬೆಕ್ಕುಗಳ ಜೀವ ತೆಗೆಯಬಲ್ಲ ಪ್ಯಾನ್‌ಲ್ಯುಕೊಪೀನಿಯಾ ವೈರಸ್ ನಮ್ಮ ಚಪ್ಪಲಿಗೆ ಅಂಟಿಕೊಂಡೂ ಒಳಗೆ ಬರಬಲ್ಲದು. ರೇಬೀಸ್ ಲಸಿಕೆಯಂತೂ ನಾಯಿ, ಬೆಕ್ಕು ಎರಡಕ್ಕೂ ಬೇಕೇ ಬೇಕು.

ಪಶುವೈದ್ಯರಲ್ಲಿ ಒಂದು ಮನವಿ: ಕಾರ್ಡಿನಲ್ಲಿ ಮುಂದಿನ ತಾರೀಕು ಬರೆದರಷ್ಟೇ ಸಾಲದು. ಯಾಕೆ ಮತ್ತೆ ಬರಬೇಕು ಎಂದು ಮೊದಲ ದಿನವೇ ಬಿಡಿಸಿ ಹೇಳಿ.

– ಓದುಗರೊಬ್ಬರು