ಅಜ್ಜಿ ಹೇಳಿದ ಸುಳ್ಳು

ಶಿರಸಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಅಂಕೋಲೆ ಕಡೆಯ ಹಳ್ಳಿ, ಬ್ರಿಟಿಷರಿಗೆ ಕರ ಕೊಡುವುದಿಲ್ಲ ಎಂದು ರೈತರು ನಿಂತ ಕರನಿರಾಕರಣೆಯ ಕಾಲ. ಅಟ್ಟದ ಮೇಲೆ ಚಳವಳಿಯ ಹುಡುಗನೊಬ್ಬ ಅಡಗಿದ್ದಾನೆ. ಪೊಲೀಸ್ ಫೌಜದಾರ ಅಂಗಳಕ್ಕೆ ಬಂದು ಕೇಳುತ್ತಾನೆ. ಅಜ್ಜಿ 'ಇಲ್ಲಿಗೆ ಯಾರೂ ಬಂದಿಲ್ಲ' ಎನ್ನುತ್ತಾಳೆ. ಅವನು ಹೊರಟುಹೋಗುತ್ತಾನೆ. ಕಥೆ ಚೆನ್ನಾಗಿದೆ. ಆದರೆ ಆ ಸುಳ್ಳು ಅವಳ ಬಾಯಿಂದ ತೀರಾ ಸಲೀಸಾಗಿ ಬಂತು.

ಅವಳು ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊಲೆಗಾರ ಬಾಗಿಲಿಗೆ ಬಂದು 'ನಿನ್ನ ಗೆಳೆಯ ಒಳಗಿದ್ದಾನಾ' ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ. ನಾನು ಅದನ್ನು ಒಪ್ಪುವುದಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕ ಎಂಬ ತಪಸ್ವಿ ಬರುತ್ತಾನೆ. ಸತ್ಯವನ್ನೇ ಹೇಳುವ ವ್ರತ ಅವನದು. ಜನರನ್ನು ಬೆನ್ನಟ್ಟಿ ಬಂದ ಕಳ್ಳರಿಗೆ ಅವರು ಅಡಗಿದ ಕಾಡನ್ನು ತೋರಿಸಿಬಿಟ್ಟ. ಕಳ್ಳರು ಅವರನ್ನು ಕೊಂದರು. ಕೌಶಿಕ ನರಕಕ್ಕೆ ಹೋದ. ಅವನ ವ್ರತ ಉಳಿಯಿತು, ಜನ ಉಳಿಯಲಿಲ್ಲ.

ಆದರೆ ಅದೇ ಮಹಾಭಾರತದಲ್ಲಿ ಧರ್ಮರಾಯನೂ ಇದ್ದಾನಲ್ಲ. ಅಶ್ವತ್ಥಾಮ ಸತ್ತ ಎಂದು ಅರ್ಧ ಸುಳ್ಳು ಹೇಳಿದ. ಹಾಗೆ ಹೇಳು ಅಂದವನು ಸಾಕ್ಷಾತ್ ಕೃಷ್ಣ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕೆ ಇಳಿಯಿತು. ನಿನ್ನ ಕಥೆಯಲ್ಲಿ ಅಜ್ಜಿಯ ರಥ ಇಳಿಯಲೇ ಇಲ್ಲ.

ನಿನ್ನೂರಿನ ಚರಿತ್ರೆಯನ್ನೇ ನೋಡು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರು ಕದ್ದುಮುಚ್ಚಿ ಮುರಿಯಲಿಲ್ಲ. ಜನರೆದುರು ಮುರಿದು ಜೈಲಿಗೆ ಹೋದರು. ಕರ ಕೊಡದ ರೈತರ ಜಮೀನು ಜಪ್ತಿಯಾಯಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಮುರಿದವರೇ ಅದರ ಕಷ್ಟವನ್ನೂ ಉಂಡರು. ಯಾರಾದರೂ ನಿಯಮ ಮುರಿದು ಸಮರ್ಥನೆ ಕೊಟ್ಟರೆ ನಾನು ಮೊದಲು ನೋಡುವುದು ಇದನ್ನೇ. ಲಾಭ ತನಗೆ, ಪೆಟ್ಟು ಬೇರೆಯವರಿಗೆ ಅಂತಾದರೆ ಆ ಸಮರ್ಥನೆ ಸುಮ್ನೆ ಮಾತು.

ಹಾಗಾಗಿ ಅಜ್ಜಿಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲು. ಸುಳ್ಳು ಹೇಳಿದ ಮೊಮ್ಮಕ್ಕಳಿಗೆ ರಾತ್ರಿ ಊಟ ಬಡಿಸದವಳು ಅವಳು, ಅದನ್ನು ಮೊದಲೇ ತೋರಿಸು. ಫೌಜದಾರ 'ಶಾಂತಾದುರ್ಗೆಯ ಮೇಲೆ ಆಣೆ ಮಾಡು' ಅನ್ನಲಿ. ಅಕ್ಕಿ ಕೇರುತ್ತಿದ್ದ ಗೆರಸೆ ಅವಳ ಕೈಯಲ್ಲಿ ನಿಲ್ಲಲಿ. ಅವಳು ಆಣೆ ಮಾಡಲಿ. ಅಟ್ಟದಲ್ಲಿ ಯಾರಿದ್ದಾರೆಂದು ಗೊತ್ತಿರುವ ಚಿಕ್ಕ ಮೊಮ್ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಲಿ. ಮೇಲಿರುವ ಹುಡುಗನಿಗೂ ಅದು ಕೇಳಿಸಲಿ, ಅಲ್ವಾ? ಅವನಿಂದಾಗಿಯೇ ತಾನೇ ಅವಳು ಆಣೆ ಮಾಡಿದ್ದು. ಮೊಮ್ಮಗಳು ಆಮೇಲೆ ಏನು ಕೇಳುತ್ತಾಳೆ, ಅಜ್ಜಿ ಏನು ಹೇಳುತ್ತಾಳೆ, ಅದು ನನಗೆ ಗೊತ್ತಿಲ್ಲ. ಅದನ್ನು ನೀನೇ ಬರೆದು ಕಂಡುಕೊಳ್ಳಬೇಕು.

ಊರವರೆಲ್ಲ ಸೇರಿ ಅಜ್ಜಿಯನ್ನು ಹೊಗಳುವ ಕೊನೆಯ ಪ್ಯಾರಾವನ್ನು ಮಾತ್ರ ತೆಗೆದುಬಿಡು.

ನಿನ್ನ ಅಣ್ಣ